ಹೊನ್ನಿಯ ಪರವಾಗಿ

ಪ್ರೀತಿಯ ತಮ್ಮ,

ನೀನು ಕಟ್ಟುತ್ತಿರುವ ಕಥೆಯಾಟದ ನೋಟ್‌ಬುಕ್ಕು ತಲುಪಿತು. ಆ ಕಾಡು, ನೀರಲ್ಲಿ ಮುಳುಗಿದ ಊರು, ಬಂಡೆಯಂಚಿನ ಹೆಜ್ಜೇನು ಕೀಳುವ ಹೊನ್ನಿ, ಎಲ್ಲ ತುಂಬ ಹಿಡಿಸಿತು. ಆದರೆ ನಿನ್ನ ದಾಳದ ಲೆಕ್ಕದಿಂದ ಹೊನ್ನಿಗೆ ಅನ್ಯಾಯವಾಗುತ್ತಿದೆ ಕಣೋ. ಅದಕ್ಕೇ ಈ ಕಾಗದ.

ಇಪ್ಪತ್ತು ಮುಖದ ದಾಳ ಹಾಕಿ, ಬಿದ್ದದ್ದಕ್ಕೆ ಕೈಚಳಕದ ಅಂಕ ಕೂಡಿಸು, ಹೆಚ್ಚು ಬಂದವರು ಗೆದ್ದರು ಅಂತ ಬರೆದಿದ್ದೀಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಕೂಡ 2000ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಹೆಚ್ಚುಕಮ್ಮಿ ಇದೇ ದಾರಿ ಹಿಡಿದಿದೆ. ಕಲಿಯೋದು ಸುಲಭ, ಒಪ್ಪುತ್ತೇನೆ. ಆದರೆ ಆ ದಾಳಕ್ಕೆ 1 ಆದರೂ ಒಂದೇ, 11 ಆದರೂ ಒಂದೇ, 20 ಆದರೂ ಒಂದೇ; ಎಲ್ಲದಕ್ಕೂ ನೂರಕ್ಕೆ 5ರ ಅವಕಾಶ. ಬಂಡೆ ಹತ್ತುವುದರಲ್ಲಿ ಹೊನ್ನಿಗೆ 5 ಅಂಕ, ಪೇಟೆಯಿಂದ ಬಂದ ಗುಮಾಸ್ತನಿಗೆ ಸೊನ್ನೆ ಕೊಟ್ಟಿದ್ದೀಯ. ಇಬ್ಬರೂ ಪೈಪೋಟಿಗೆ ಇಳಿದರೆ 400ರಲ್ಲಿ 105 ಸಲ ಗುಮಾಸ್ತನೇ ಗೆಲ್ಲುತ್ತಾನೆ. ಹುಟ್ಟಿದಾಗಿನಿಂದ ಬಂಡೆ ಹತ್ತಿದವಳು ನಾಲ್ಕರಲ್ಲಿ ಒಂದು ಸಲ ಅವನಿಗೆ ಸೋಲಬೇಕೇ?

ಅದರ ಬದಲು ಆರು ಮುಖದ ಮೂರು ದಾಳ ಹಾಕಿ ಕೂಡಿಸಿ ನೋಡು. ಸ್ಟೀವ್ ಜಾಕ್ಸನ್ 1986ರ ಗರ್ಪ್ಸ್ ಆಟದಲ್ಲಿ ನೆಚ್ಚಿಕೊಂಡದ್ದು ಈ ಮೂರು ದಾಳದ ಮೊತ್ತವನ್ನೇ. ಒಟ್ಟು 216 ಬಗೆಯಲ್ಲಿ 10 ಇಲ್ಲವೇ 11 ಬರುವುದು 54 ಬಗೆ, 3 ಮತ್ತು 18 ಒಂದೊಂದೇ ಬಗೆ. ಅದೇ 5 ಅಂಕ ಇಟ್ಟುಕೊಂಡರೂ ಗುಮಾಸ್ತನ ಗೆಲುವು ನೂರಕ್ಕೆ 10ರೊಳಗೆ ಇಳಿಯುತ್ತದೆ. ಅಜ್ಜಿ ಜೊತೆ ಚೌಕಾಬಾರ ಆಡಿದವನಿಗೆ ಇದು ಹೊಸದೇನಲ್ಲ. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಅಂತಿಟ್ಟುಕೊಂಡರೆ, ನಾಲ್ಕು ಕವಡೆಯಲ್ಲಿ ಎರಡು ಬೀಳುವುದು 16ಕ್ಕೆ 6 ಸಲ. ನಾಲ್ಕು, ಎಂಟು ಒಂದೊಂದೇ ಸಲ. ಆ ನಾಲ್ಕೋ ಎಂಟೋ ಗರ ಬಿದ್ದರೆ ಮನೆಯೆಲ್ಲ ಕೂಗೆದ್ದು ಹೋಗುತ್ತಿದ್ದದ್ದು ಅದಕ್ಕೇ.

ಆದರೂ ನನ್ನ ಮನಸ್ಸು ಎರಡು ದಾಳದ ಕಡೆಗಿದೆ. 2010ರ ಅಪೋಕಲಿಪ್ಸ್ ವರ್ಲ್ಡ್ ಆಟದಲ್ಲಿ ಆರು ಮುಖದ ಎರಡು ದಾಳದ ಮೊತ್ತಕ್ಕೆ ಅಂಕ ಕೂಡಿಸಿ 6ರವರೆಗೆ ಬಂದರೆ ಕೆಲಸ ಕೆಟ್ಟಿತು, 10 ದಾಟಿದರೆ ಅಥವಾ 10 ಬಂದರೆ ಅಂದುಕೊಂಡದ್ದು ಆಯಿತು, 7ರಿಂದ 9 ಬಂದರೆ ಕೆಲಸವೂ ಆಯಿತು, ಅದಕ್ಕೊಂದು ಬೆಲೆಯನ್ನೂ ತೆರಬೇಕಾಯಿತು. ಗುಮಾಸ್ತನಿಗೆ 36ರಲ್ಲಿ 15 ಸೋಲು, 15 ನಡುವಿನದು, 6 ಪೂರಾ ಗೆಲುವು. ಹೊನ್ನಿಗೆ ಬರೀ 2 ಅಂಕ ಕೊಡು: 6 ಸೋಲು, 15 ನಡುವಿನದು, 15 ಗೆಲುವು. ಎರಡೇ ಅಂಕಕ್ಕೆ ಸೋಲು ಗೆಲುವು ಅದಲುಬದಲಾಯಿತು, ಆ ನಡುವಿನ ಹದಿನೈದು ಮಾತ್ರ ಇಬ್ಬರಿಗೂ ಉಳಿಯಿತು. ಕಥೆ ಹುಟ್ಟುವುದು ಅಲ್ಲೇ. ಅಮಾವಾಸ್ಯೆ ರಾತ್ರಿ, ಹಗ್ಗದಲ್ಲಿ ಜೋತಾಡುತ್ತಾ ಹೊನ್ನಿ ಹೊಗೆ ಹಾಕುತ್ತಿದ್ದಾಳೆ, ದಾಳದಲ್ಲಿ 6, ಅಂಕ ಸೇರಿ 8. ನಿನ್ನ ಈಗಿನ ನಿಯಮ ‘ಆಯಿತು’ ಅಥವಾ ‘ಆಗಲಿಲ್ಲ’ ಅಂದು ಸುಮ್ಮನಾಗುತ್ತದೆ. ಇಲ್ಲಾದರೆ ನೀನು ಕೇಳಬಹುದು: ರೊಟ್ಟು ಕೈಗೆ ಬಂತು, ಆದರೆ ಕೆಂಡ ಕೆಳಗಿನ ಒಣಹುಲ್ಲಿಗೆ ಬಿತ್ತು, ಈಗ ಜೇನು ಬಿಟ್ಟು ಇಳಿಯುತ್ತೀಯೋ, ಜೇನು ಹಿಡಿದು ಬೆಂಕಿ ದಾಟುತ್ತೀಯೋ?

ಇನ್ನೊಂದು ಮಾತು: ಹಗಲು ಹೊತ್ತು, ಒಣಬಂಡೆ, ಹಿಂದೆ ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ ಅಂದರೆ ದಾಳ ಮುಟ್ಟಲೇಬೇಡ, ಅವಳು ಹತ್ತಲಿ. ಅಡುಗೆ, ಕುದುರೆ ಸವಾರಿ, ಚೌಕಾಶಿ ಅಂತ ನೀನು ಮಾಡಿರುವ ಕೈಚಳಕಗಳ ಉದ್ದನೆಯ ಪಟ್ಟಿಯನ್ನೂ ಅರ್ಧಕ್ಕೆ ಇಳಿಸಬಹುದು, ಅದನ್ನು ಎದುರುಬದುರು ಕೂತು ಮಾಡೋಣ.

ದಸರಾ ರಜೆಗೆ ಬರುವಾಗ ನೋಟ್‌ಬುಕ್ಕಿನ ಹೊಸ ಪ್ರತಿ ತಾ. ಚಿಕ್ಕಪ್ಪನ ಮಕ್ಕಳನ್ನೂ ಕರೆಯುತ್ತೇನೆ. ಗುಮಾಸ್ತನನ್ನು ಯಾರಿಗೆ ಬೇಕಾದರೂ ಕೊಡು, ಹೊನ್ನಿ ಮಾತ್ರ ನನಗಿರಲಿ.

ನಿನ್ನ ಅಕ್ಕ