ಬಸ್ಸು ಆಗಿಬಾರದವರ ನಿಘಂಟು

ನಮ್ಮಲ್ಲಿ ಪ್ರಯಾಣದ ತಲೆಸುತ್ತಿಗೆ ಬೇರೆ ಹೆಸರಿಲ್ಲ. "ಅವರಿಗೆ ಬಸ್ಸು ಆಗಿಬರುವುದಿಲ್ಲ" ಎಂದು ಸಂಬಂಧ ಕೂಡಿಬಾರದವರಂತೆ ಹೇಳಿ ಮುಗಿಸುತ್ತೇವೆ. ಉಧ್ನಾದಲ್ಲಿರುವ ನಮಗೆ ಬಸ್ಸಿನ ಗೊಡವೆ ಕಡಿಮೆಯೇ. ಮುಂಬಯಿ-ಅಹಮದಾಬಾದ್ ರೈಲುಹಾದಿಯಿಂದ ತಾಪಿ ಕಣಿವೆಯ ಮಾರ್ಗ ಜಳಗಾಂವದ ಕಡೆಗೆ ಕವಲೊಡೆಯುವುದು ಇಲ್ಲಿಯೇ. ಆದರೆ ಡಾಂಗ್ ಸೀಮೆಯ ಸಾಪುತಾರಾ ಬೆಟ್ಟಕ್ಕೆ ಹೋಗಬೇಕಾದರೆ ಘಾಟಿಯ ಬಸ್ಸೇ ಗತಿ.

ಕಳೆದ ಚಳಿಗಾಲದಲ್ಲಿ ಊರಿನಿಂದ ಬಂದಿದ್ದ ತಾಯಿಯವರನ್ನು ಅಲ್ಲಿಗೆ ಕರೆದುಕೊಂಡು ಹೊರಟೆ. ಅವರು ಹಿಂದಿನ ರಾತ್ರಿಯಿಂದಲೇ ಉಪವಾಸ. "ನಡುದಾರಿಯಾಗ ನಿಲ್ಲಸಪಾ ಅನ್ನಾಕ ನನಗ ಇವರ ಮಾತು ಬರೂದಿಲ್ಲ" ಎಂಬುದೇ ಕಾರಣ. ಮಾತಿಲ್ಲವೆಂದು ಅನ್ನ ಬಿಟ್ಟವರನ್ನು ನಾನು ಅಂದೇ ಕಂಡದ್ದು.

ವಘಾಯಿ ದಾಟಿ ತಿರುವುಗಳು ಆರಂಭವಾದವು. ಪಕ್ಕದಲ್ಲಿ ಉಧ್ನಾದ ಮಗ್ಗದ ಕಾರ್ಖಾನೆಯ ತರುಣನೊಬ್ಬ ಚೀನೀ ಭಾಷೆಯ ಪುಸ್ತಕ ಓದುತ್ತಿದ್ದವನು, ಬೆವರೊರೆಸಿಕೊಳ್ಳುತ್ತ ಅದನ್ನು ಮುಚ್ಚಿದ. ಇಲ್ಲಿಯ ನೀರು-ಜೆಟ್ ಮಗ್ಗಗಳು ಬಹಳಷ್ಟು ಚೀನಾದವು. ಅವನೂ ಶಾವ್‌ಶಿಂಗಿನ ಬಟ್ಟೆಪೇಟೆಗೆ ಹೊರಟವನು. ಕಣ್ಣು ಸ್ಥಿರವಾದ ಪುಟವನ್ನು ನೋಡುತ್ತಿರುವಾಗ ಒಳಗಿವಿಯ ನಾಳಗಳು ತಿರುವನ್ನು ಸಾರುತ್ತವೆ; ಈ ಜಗಳದಲ್ಲಿ ಸೋಲುವುದು ಹೊಟ್ಟೆ.

"ಇದಕ್ಕೆ ಚೀನೀಯರು ಏನೆನ್ನುತ್ತಾರೆ?" ಎಂದೆ. ಗಾಡಿಯಲ್ಲಾದರೆ ಯುನ್-ಛ, ಹಡಗಿನಲ್ಲಿ ಯುನ್-ಛ್ವಾನ್, ವಿಮಾನದಲ್ಲಿ ಯುನ್-ಜೀ. ತಲೆಸುತ್ತು ಒಂದೇ, ವಾಹನ ಮಾತ್ರ ಬೇರೆ! ಎಂಥ ಅಚ್ಚುಕಟ್ಟು! ಈ 'ಯುನ್' ಸ್ವರ ಇಳಿಯಬೇಕು. ಸಮವಾಗಿ ಮೇಲೆಯೇ ನಿಂತರೆ ಮೂರ್ಛೆಯ ಅರ್ಥ. ವಾಂತಿಗೆ 'ಥು', ಅದೂ ಇಳಿಸ್ವರದಲ್ಲಿ. ಅದನ್ನೇ ಬಗ್ಗಿಸಿ ಎತ್ತಿದರೆ ಉಗುಳುವುದು. ಪಾನ್ ಪ್ರಿಯರಾದ ನಮ್ಮ ಬೀದಿಯವರು ಎಚ್ಚರದಿಂದಿರಬೇಕಾದ ಭಾಷೆ. ರೈಲಿಗೆ ಹ್ವೊ-ಛ, ಎಂದರೆ ಬೆಂಕಿಗಾಡಿ. ಹಳೆಯ ಗುಜರಾತಿಗಳ 'ಆಗಗಾಡಿ'ಯೇ ಅದು.

ಇದನ್ನೆಲ್ಲ ಕೇಳಿ ತಾಯಿಯವರು, "ಚೀನಾ ಇರಲಿ, ಇಲ್ಲಿಯವರು ಏನಂತಾರ?" ಎಂದರು. ಊಲಟೀ, ಊಬಕಾ ಎಂದ ತರುಣ, "ಓಕವುಂ ಎಂದರೂ ತಿಳಿಯುತ್ತದೆ" ಎಂದ. "ಅಯ್ಯ, ಅದು ನಮ್ಮ ಓಕರಿಕೀನಽ ಅಲ್ಲೇನು!" ಎಂದು ತಾಯಿಯವರು ನಕ್ಕರು. ಅವನು 'ಗಾಡೀ ಊಭೀ ರಾಖೋ' ಎಂಬುದನ್ನು ಮೂರು ಸಲ ಹೇಳಿಸಿ, ತನ್ನ ಮುಂದಿನ ಕಿಟಕಿಯ ಜಾಗವನ್ನು ಬಿಟ್ಟುಕೊಟ್ಟು, ದೂರದ ಬೆಟ್ಟವನ್ನೇ ನೋಡುತ್ತಿರಲು ಹೇಳಿದ.

ಬುತ್ತಿಯ ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದುಕೊಂಡರು. ಎರಡು ತಿರುವು ಕಳೆಯುವಷ್ಟರಲ್ಲಿ ಚಾಲಕನಿಗೆ ಗಟ್ಟಿಯಾಗಿ ಆ ಮಾತು ಕೇಳಿಸಿತು. ಅವನು ತಕ್ಷಣ ನಿಲ್ಲಿಸಿದ. ತಾಯಿಯವರು ಇಳಿದು ಶುಂಠಿ ಚಹಾ ಕುಡಿದು ಬಂದರು.