ಕಾರಣ ಎಲ್ಲಿಟ್ಟಿದ್ದೀರಿ?



ಹೋದ ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. ನೀರಿನ ಮೀಟರಿಗೆ ಹಾಕೋ ಚಿಕ್ಕ ಚಿಪ್ಪಿಗೆ ರಸ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋದು ಅವಳ ಕೆಲಸ. ಊಟ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. "ಏನವ್ವಾ ಅಂಥ ಕೆಲ್ಸ?" ಅಂದೆ.

"ಚಿಪ್ಪಲ್ಲಿ ಜಾಗ ಇರೋದೇ 64 ಕೆಬಿ ಮಾವ. ನನ್ನ ಪ್ರೋಗ್ರಾಂ ಹಿಡೀತಿಲ್ಲ."

ಬಿಡಿಸಿ ಹೇಳಿದಳು. ಕೆಲಸ ಮಾಡೋ ಕೋಡ್ ಸಣ್ಣದೇ. ತಪ್ಪಾದಾಗ ಹೇಳಬೇಕಾದ ಮಾತೇ ದೊಡ್ಡದು. ಯಾವ ಫೈಲು, ಎಷ್ಟನೇ ಸಾಲು, ಏನು ತಪ್ಪು ಅನ್ನೋ ವಾಕ್ಯಗಳು, ಅದರೊಳಗೆ ಅಂಕಿ ಜೋಡಿಸೋ ಕೋಡ್, ಎಲ್ಲ ಚಿಪ್ಪಿನೊಳಗೇ ಕೂರುತ್ತವೆ. ಲಿನಕ್ಸ್ ಕರ್ನಲ್‌ನಲ್ಲೂ ಬಗ್ ಸಿಕ್ಕ ಫೈಲಿನ ಹೆಸರು, ಸಾಲಿನ ಸಂಖ್ಯೆ ತೋರಿಸೋ ಒಂದು ಆಯ್ಕೆಗೇ 70ರಿಂದ 100 ಕೆಬಿ ಬೇಕು ಅಂತ ಅದರ ವಿವರಣೆಯಲ್ಲೇ ಬರೆದಿದೆಯಂತೆ.

"ಹಂಗಾದ್ರೆ ಮಾತನ್ನೇ ಕಿತ್ತು ಹಾಕ್ತೀಯಾ?"

"ಕೆಲವರು ಹಾಗೇ ಮಾಡ್ತಾರೆ. ತಪ್ಪಾದ್ರೆ ಯಂತ್ರ ಸುಮ್ನೆ ನಿಂತುಬಿಡುತ್ತೆ. ನಾನು ಡೆಫ್‌ಎಂಟಿ ಅನ್ನೋ ಲೈಬ್ರರಿ ಬಳಸ್ತೀನಿ. ವಾಕ್ಯಗಳೆಲ್ಲ ನನ್ನ ಕಂಪ್ಯೂಟರಿನ ಫೈಲಲ್ಲಿ ಉಳೀತವೆ. ಚಿಪ್ ಬರೀ ನಂಬರ್ ಕಳಿಸುತ್ತೆ, ಇಲ್ಲಿ ಅದು ವಾಕ್ಯ ಆಗುತ್ತೆ."

"ಆ ಫೈಲೇ ಕಳೆದುಹೋದ್ರೆ?"

"ನಂಬರಿಗೆ ಅರ್ಥಾನೇ ಇರಲ್ಲ ಮಾವ. ಅದಕ್ಕೇ ಪ್ರತಿ ಆವೃತ್ತಿಯ ಫೈಲನ್ನೂ ಜೋಪಾನವಾಗಿ ಎತ್ತಿಡಬೇಕು."

ನಾನು ಸುಮ್ಮನಾದೆ. ಬಿಎ ಎರಡನೇ ವರ್ಷದಲ್ಲಿ ವಿದ್ಯಾರ್ಥಿವೇತನದ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ನನ್ನ ನಂಬರಿನ ಮುಂದೆ 'ತಿರಸ್ಕೃತ' ಅಂತ ಒಂದೇ ಪದ ಇತ್ತು. ಮೂರು ಸಲ ಅಲೆದೆ, ಯಾರೂ ಬಾಯಿ ಬಿಡಲಿಲ್ಲ. ಅವ್ವ ಆಡು ಮಾರಿ ಫೀಸು ಕಟ್ಟಿದಳು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು ಅಂತ ಗೊತ್ತಾಗಿದ್ದು ಮುಂದಿನ ವರ್ಷ. ಕಾರಣ ಅವರ ರಿಜಿಸ್ಟರಿನಲ್ಲಿ ಇದ್ದೇ ಇತ್ತು. ಅದನ್ನ ನನಗೆ ತೆಗೆದು ತೋರಿಸೋರು ಇರಲಿಲ್ಲ.

ಈಗ ಮೇಜಿನ ಈ ಕಡೆ ನಾನಿದ್ದೀನಿ. ಸುಳ್ಳು ಹೇಳಲ್ಲ, ನಾನೂ ಎಷ್ಟೋ ಹಿಂಬರಹಗಳಲ್ಲಿ 'ನಿಯಮಾನುಸಾರ ಅವಕಾಶವಿರುವುದಿಲ್ಲ' ಅಂತ ಟೈಪ್ ಮಾಡಿ ಸಹಿಗೆ ಇಟ್ಟಿದ್ದೀನಿ. ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತೆ. ಓದಿದ್ದೆ, ಮಾಡಿರಲಿಲ್ಲ. ಜಾಗವೇ ಇಲ್ಲದ ಚಿಪ್ಪಿಗೆ ನಮ್ಮ ಹುಡುಗಿ ಕಾರಣ ಎತ್ತಿಡ್ತಾಳೆ. ನಮ್ಮ ಎ4 ಹಾಳೆ ಅರ್ಧಕ್ಕರ್ಧ ಖಾಲಿ ಇರುತ್ತೆ.

ಸೋಮವಾರ ಒಂದು ಹಿಂಬರಹಕ್ಕೆ ಎರಡು ಸಾಲು ಸೇರಿಸಿದೆ: ಯಾವ ದಾಖಲೆ ಇಲ್ಲ, ಅದು ಎಲ್ಲಿ ಸಿಗುತ್ತೆ.

"ಇಷ್ಟುದ್ದ ಯಾಕ್ರೀ?" ಅಂದ್ರು ಸಾಹೇಬ್ರು.

"ಜಾಗ ಇದೆ ಸಾರ್" ಅಂದೆ.