ಕಾಣೋದು ‘ಕ’, ಇರೋದು ‘ಪಿ’

ಹಳೇ ಕನ್ನಡ ಫೈಲ್ ತೆರೆದವರಿಗೆ ಈ ದೃಶ್ಯ ಗೊತ್ತಿರುತ್ತೆ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ. “ಕರಪ್ಟ್ ಆಗಿದೆ ಬಿಡು” ಅಂತ ಡಿಲೀಟ್ ಮಾಡೋರೂ ಇದ್ದಾರೆ. ದಯವಿಟ್ಟು ಮಾಡಬೇಡಿ, ಆ ಫೈಲಿಗೆ ಏನೂ ಆಗಿರೋದಿಲ್ಲ.

ನನಗೆ ಇದರ ಸಹವಾಸ ಅಂಟಿದ್ದು ಅಜ್ಜನಿಂದ. ಅವರು ರಿಟೈರ್ಡ್ ಕನ್ನಡ ಮೇಷ್ಟ್ರು. ಊರಿನ ಕೆರೆ, ಜಾತ್ರೆ, ಬರಗಾಲದ ಬಗ್ಗೆ ಬರೆದ ಎಂಬತ್ತು ಪುಟಗಳನ್ನ 2004ರಲ್ಲಿ ಒಂದು ಡಿಟಿಪಿ ಅಂಗಡೀಲಿ ಟೈಪ್ ಮಾಡಿಸಿದ್ದರು. ಪುಸ್ತಕ ಆಗಲಿಲ್ಲ. ಕೈಬರಹದ ನೋಟ್‌ಬುಕ್ಕನ್ನ ಗೆದ್ದಲು ತಿಂತು, ಅಂಗಡಿ ಮುಚ್ಚಿತು, ಉಳಿದದ್ದು ಒಂದು ಸಿಡಿ. ಈಗ ಅಜ್ಜನಿಗೆ ಕಣ್ಣು ಮಂಜು. ದಸರಾ ರಜೆಗೆ ಹೋದಾಗ ಸಿಡಿ ಕೈಗಿಟ್ಟು, “ಕಂಪ್ಯೂಟರ್ ಓದ್ತಿದ್ದೀಯಲ್ಲೋ, ಇದರಲ್ಲಿ ಏನಿದೆ ಓದಿ ಹೇಳು” ಅಂದರು.

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕೋ ಜಾಗ ಎಲ್ಲಿದೆ? ಯುಎಸ್‌ಬಿ ಡ್ರೈವ್ ಸಾಲ ತಂದು ಮೊದಲು ಇಡೀ ಸಿಡಿ ಕಾಪಿ ಮಾಡ್ಕೊಂಡೆ. ಒಂದು ಪ್ರತಿ ಮುಟ್ಟದೆ ಹಾಗೇ ಇಟ್ಟೆ. ಲಿಬ್ರೆ ಆಫೀಸಿನಲ್ಲಿ ಫೈಲ್ ತೆರೆದು ಮೇಲಿನ ಫಾಂಟ್ ಡಬ್ಬಿ ನೋಡಿದರೆ ‘ನುಡಿ’ ಅಂತಿತ್ತು. ಆ ಫಾಂಟ್ ಹಾಕಿದ ಕೂಡಲೇ ಕನ್ನಡ ಬಂತು. ಅಪ್ಪ “ಆಯ್ತಲ್ಲ!” ಅಂದರು.

ಆಗಿರಲಿಲ್ಲ. ಅಜ್ಜನಿಗೆ ಬೇಕಿದ್ದದ್ದು ಕಿವಿಗೆ ಕೇಳೋ ಪಠ್ಯ. ಫೋನಿಗೆ ಕಳಿಸಿ ಓದಿಸಿದರೆ ಅದು ಇಂಗ್ಲಿಷ್ ಅಕ್ಷರ ಅಂತ ತಿಳಿದು ಏನೇನೋ ಒದರಿತು. ಯಾಕಂದ್ರೆ ‘ಕ’ ಕಾಣೋ ಜಾಗದಲ್ಲಿ ಫೈಲಿನೊಳಗೆ ಇರೋದು 80, ಅಂದರೆ ಪಿ. ಅದರ ಹಿಂದೆ ಗೀಟಿನ ಎ. ಫಾಂಟು ಆ ಎರಡರ ಮೇಲೆ ಕನ್ನಡದ ಚಿತ್ರ ಹೊದಿಸುತ್ತೆ, ಅಷ್ಟೇ. (ಇದನ್ನ ನಾವು ‘ಆಸ್ಕಿ’ ಅಂತೀವಿ. ಕಟ್ಟುನಿಟ್ಟಾಗಿ ಆಸ್ಕಿ 127ಕ್ಕೇ ಮುಗಿಯುತ್ತೆ, ಗೀಟಿನ ಎ ಅದರಾಚೆಯದು.) ಯುನಿಕೋಡ್‌ನಲ್ಲಿ ‘ಕ’ಗೆ ಅದರದ್ದೇ ಸಂಖ್ಯೆ ಇದೆ, ಹೆಕ್ಸ್‌ನಲ್ಲಿ 0ಸಿ95. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಹುಡುಕಾಟ, ಓದಿಸೋದು, ಫೋನಲ್ಲಿ ಕಾಣೋದು ಎಲ್ಲ ಆ ಸಂಖ್ಯೆ ಇದ್ದರೆ ಮಾತ್ರ.

ಹಾಗಾಗಿ ಪರಿವರ್ತನೆ ಮಾಡಲೇಬೇಕು. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ನನ್ನ ರೂಮ್‌ಮೇಟ್ “ಬರೀ ಫೈಂಡ್-ರೀಪ್ಲೇಸ್ ತಾನೇ, ಪೈಥಾನಲ್ಲಿ ಹತ್ತು ನಿಮಿಷ” ಅಂತ ಕೂತ. ಅರ್ಕಾವತ್ತಿನ ಹತ್ತಿರ ಸುಸ್ತಾದ. ‘ಧರ್ಮ’ದಲ್ಲಿ ಹಳೇ ಫಾಂಟು ಅರ್ಕಾವತ್ತನ್ನ ‘ಮ’ ಆದ ಮೇಲೆ ಇಡುತ್ತೆ, ಕಣ್ಣಿಗೆ ಕಾಣೋ ಕ್ರಮದಲ್ಲಿ. ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ, ಅಂದರೆ ‘ರ್’ ಮೊದಲು, ‘ಮ’ ಆಮೇಲೆ. ಬದಲಿಸಿದರೆ ಸಾಲದು, ಹಿಂದಕ್ಕೆ ಎತ್ತಿಡಬೇಕು.

ರೆಡಿಮೇಡ್ ಪರಿವರ್ತಕ ಇದನ್ನೆಲ್ಲ ನೋಡ್ಕೊಳ್ತು. ಆದರೂ ಔಟ್‌ಪುಟ್ ಮೇಲೆ ಕಣ್ಣಿಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತೆ. ಅಜ್ಜ ಇಂಗ್ಲಿಷಿನಲ್ಲೇ ಬರೆಸಿದ್ದ ಪಿಡಬ್ಲ್ಯೂಡಿ ಹೀಗೇ ಹಾಳಾಗಿತ್ತು. ‘ರಾಜ್‌ಕುಮಾರ್’ ಥರದ ಪದದಲ್ಲಿ ‘ಕ’ ಒತ್ತಾಗದಂತೆ ತಡೆಯೋ ಕಣ್ಣಿಗೆ ಕಾಣದ ಅಕ್ಷರವೊಂದು ಬೇಕು, ಝೀರೋ ವಿಡ್ತ್ ನಾನ್ ಜಾಯ್ನರ್. ಅದು ಬಿಟ್ಟುಹೋದರೆ ‘ರಾಜ್ಕುಮಾರ್’ ಆಗುತ್ತೆ. ಹಳೇ ಫೈಲನ್ನ ಪಕ್ಕದಲ್ಲೇ ತೆರೆದಿಟ್ಟು ಹೋಲಿಸೋದು ಬಿಟ್ಟರೆ ಬೇರೆ ದಾರಿ ನನಗೆ ಕಾಣಲಿಲ್ಲ. ಬೋರು, ಆದ್ರೂ ಮಾಡಿ.

ಐವತ್ತು ಪುಟ ಮುಗಿದ ಮೇಲೆ ಅಜ್ಜನ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಧ್ವನಿ ಹಾಕಿ ಓದಿಸಿದೆ. ಬರಗಾಲದ ಅಧ್ಯಾಯ. ಕಣ್ಮುಚ್ಚಿ ಕೇಳ್ತಾ ಕೂತವರು ಒಂದು ಕಡೆ “ನಿಲ್ಲಿಸು” ಅಂದರು. ಡಿಟಿಪಿಯವರು ಒಂದು ವಾಕ್ಯವನ್ನೇ ಬಿಟ್ಟಿದ್ದರಂತೆ. ಅಲ್ಲೇ ಬಾಯಲ್ಲಿ ಹೇಳಿದರು, ನಾನು ಸೇರಿಸಿದೆ.

“ಈ ಹುಡುಗಿಗೆ ಎಲ್ಲಿ ಉಸಿರು ತಗೋಬೇಕು ಅನ್ನೋದೇ ಗೊತ್ತಿಲ್ಲ. ನಮ್ಮ ಕ್ಲಾಸಲ್ಲಿದ್ದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ” ಅಂದು, “ಮುಂದಕ್ಕೆ ಹೋಗಲಿ” ಅಂದರು.

ಇನ್ನೂ ಮೂವತ್ತು ಪುಟ ಬಾಕಿ ಇದೆ. ಇಂಟರ್ನಲ್ಸ್ ಮುಗಿದ ತಕ್ಷಣ ಕೂರ್ತೀನಿ.